ಆರ್.ಟಿ. ನಗರದ ಗೋಡೆಯ ಮೇಲೊಂದು ಕಡಲತೀರ

ಹತ್ತಿರ ನಿಂತು ನೋಡಿದರೆ ಅದರಲ್ಲಿ ಊರೂ ಇರಲಿಲ್ಲ, ಕಡಲೂ ಇರಲಿಲ್ಲ. ನೀಲಿ, ಬೂದು, ನೇರಳೆ ಬಣ್ಣದ ದಪ್ಪ ಗೀಟುಗಳು, ಬಲಗಡೆ ಇಟ್ಟಿಗೆ ಕೆಂಪಿನ ಒಂದಷ್ಟು ತೇಪೆ, ನಡುನಡುವೆ ಬಣ್ಣ ತಾಗದೆ ಹಾಗೇ ಉಳಿದ ಕ್ಯಾನ್ವಾಸಿನ ಬಿಳಿ. ಆರೇಳು ಹೆಜ್ಜೆ ಹಿಂದೆ ಸರಿದರೆ ಆ ಗೀಟುಗಳೆಲ್ಲ ಕೂಡಿಕೊಂಡು ಹಂಚಿನ ಮಾಡುಗಳಾಗುತ್ತಿದ್ದವು, ಗಾಳಿಮರಗಳ ಸಾಲಾಗುತ್ತಿದ್ದವು, ಮರಳಿನ ಮೇಲೆ ಬಲೆ ಎಳೆಯುವ ಜನರಾಗುತ್ತಿದ್ದವು. ಎಡಕ್ಕೆ ಕಡಲು, ದೂರದಲ್ಲಿ ನದಿಯೊಂದು ಕಡಲು ಸೇರುವ ಬಾಯಿ, ಅದರಾಚೆ ಮಸುಕಾದ ಒಂದು ಗುಡ್ಡ. ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಈ ತೈಲಚಿತ್ರ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿತ್ತು. ಹಾಲ್ ಚಿಕ್ಕದು. ಚಿತ್ರ ಸರಿಯಾಗಿ ಕಾಣಬೇಕಾದರೆ ಅಡುಗೆಮನೆಯ ಬಾಗಿಲವರೆಗೆ ಹಿಂದೆ ಹೋಗಬೇಕಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಹೆಚ್ಚು ನೋಡಿದವಳು ಅಮ್ಮ. ಒಲೆಯ ಮುಂದಿನಿಂದ ತಿರುಗಿದರೆ ಅವಳಿಗೆ ನೇರ ಕಡಲೇ ಕಾಣುತ್ತಿತ್ತು.

ಚಿತ್ರ ಬರೆದವರು ಅಮ್ಮನ ಅಣ್ಣ, ನನ್ನ ಸೋದರಮಾವ. ಉತ್ತರ ಕನ್ನಡದ ಕರಾವಳಿಯ ಹೈಸ್ಕೂಲುಗಳಲ್ಲಿ, ವರ್ಗವಾದಲ್ಲೆಲ್ಲ, ಡ್ರಾಯಿಂಗ್ ಮಾಸ್ತರರಾಗಿದ್ದವರು. ಏಕೀಕರಣವಾಗುವ 1956ರವರೆಗೆ ಆ ಜಿಲ್ಲೆ ಮುಂಬೈಗೆ ಸೇರಿತ್ತಾದ್ದರಿಂದ ಅಲ್ಲಿಯ ಹುಡುಗರು ಚಿತ್ರಕಲೆಯಲ್ಲಿ ಮುಂದೆ ಬರಬೇಕಾದರೆ ಮುಂಬೈ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಬೇಕಿತ್ತು. ಮಾವ ಎರಡನ್ನೂ ಮುಗಿಸಿ, ಕೆಲಕಾಲ ಮುಂಬೈಯಲ್ಲಿದ್ದು, ಅಲ್ಲಿನ ಪ್ರದರ್ಶನಗಳನ್ನೆಲ್ಲ ಕಣ್ತುಂಬಾ ನೋಡಿಕೊಂಡು ಊರಿಗೆ ಮರಳಿದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಪ್ಯಾರಿಸ್‌ಗೂ ಹೋಗಿ ಬಂದು ದೊಡ್ಡ ಹೆಸರು ಮಾಡಿದ್ದು ಅವರ ತಲೆಮಾರಿನವರಿಗೆಲ್ಲ ಹೆಮ್ಮೆಯ ಮಾತು. ‘ನಮ್ಮ ಕರಾವಳಿಯ ಹುಡುಗ’ ಎಂದೇ ಮಾವ ಅವರ ಬಗ್ಗೆ ಹೇಳುತ್ತಿದ್ದರು. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ. ಮಾವನಿಗಿಂತ ಎಷ್ಟೋ ಹಿರಿಯರು. ಆದರೂ ಆ ಮಾತಿನಲ್ಲಿ ಒಡಹುಟ್ಟಿದವರ ಸಲಿಗೆಯಿತ್ತು.

1984ರಲ್ಲಿ ಯಲಹಂಕದಲ್ಲಿ ರೈಲ್ವೆಯ ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಶುರುವಾಯಿತು. ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕು ನಾವು ಬೆಂಗಳೂರಿಗೆ ಬಂದೆವು. ಮಾವ ಈ ಚಿತ್ರವನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದು ಗೃಹಪ್ರವೇಶದ ಉಡುಗೊರೆಯಾಗಿ ಕೊಟ್ಟರು. ‘ತಂಗೀ, ನಿಂಗೆ ಇಲ್ಲಿ ಕಡಲು ಸಿಕ್ಕೂದಿಲ್ಲ, ಇದನ್ನ ಇಟ್ಕೋ’ ಅಂದರಂತೆ. ಯಾವ ಊರು ಅಂತ ಅಮ್ಮ ಕೇಳಿದರೆ ನಕ್ಕು, ‘ನೋಡಿದವ್ರ ಊರು’ ಅಂದುಬಿಟ್ಟರಂತೆ. ಚಿತ್ರಕ್ಕೆ ಸಹಿಯಿರಲಿಲ್ಲ. ‘ಕಲಿಯೋಕೆ ಬರೆದಿದ್ದಕ್ಕೆ ಸಹಿ ಯಾಕೆ?’ ಎನ್ನುವುದು ಅವರ ಮಾತು. ಹಿಂಭಾಗದ ಚೌಕಟ್ಟಿನ ಮೇಲೂ ಒಂದಕ್ಷರ ಇರಲಿಲ್ಲ.

ಆದ್ದರಿಂದ ಬಂದವರೆಲ್ಲ ಅದಕ್ಕೆ ತಮ್ಮ ತಮ್ಮ ಊರಿನ ಹೆಸರಿಟ್ಟರು. ಹೊನ್ನಾವರದ ದೊಡ್ಡಮ್ಮ ಬಂದಾಗ ಅದು ಶರಾವತಿಯ ಅಳಿವೆ. ಪಕ್ಕದ ಬೀದಿಯಲ್ಲಿದ್ದ ಕುಂದಾಪುರದವರಿಗೆ ಅದು ಗಂಗೊಳ್ಳಿ. ಪಂಚಗಂಗಾವಳಿ ಕಡಲು ಸೇರುವ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದರು. ಅಪ್ಪನ ಸಹೋದ್ಯೋಗಿಯೊಬ್ಬರು ಮಲ್ಪೆ ಎಂದು ಪಟ್ಟು ಹಿಡಿದಿದ್ದರು. ಅಂಕೋಲೆಯ ಅಮ್ಮ ಮಾತ್ರ ಯಾರಿಗೂ ಎದುರಾಡದೆ ಕಾಫಿ ತಂದಿಡುತ್ತಿದ್ದಳು. ಊರು ಬಿಟ್ಟು ಬಂದ ಜನ ಒಂದು ಚಿತ್ರದ ಮುಂದೆ ನಿಂತು ತಮ್ಮ ಮನೆ ಯಾವ ಗೀಟಿನ ಹಿಂದಿದೆ ಎಂದು ಹುಡುಕುವುದನ್ನು ನೋಡುತ್ತಲೇ ನಾನು ಬೆಳೆದೆ.

ನಿವೃತ್ತಿಯಾದ ಮೇಲೆ ಮಾವ ವರ್ಷಕ್ಕೊಮ್ಮೆ ಬಂದು ನಮ್ಮಲ್ಲಿ ಇರುತ್ತಿದ್ದರು. ಚೀಲದಲ್ಲಿ ಕ್ಯಾಮ್ಲಿನ್ ಟ್ಯೂಬುಗಳು, ಹಂದಿಕೂದಲಿನ ಚಪ್ಪಟೆ ಕುಂಚಗಳು, ಬಣ್ಣ ಕಲೆಸುವ ಚಾಕು, ಎರಡು ಸೀಸೆಗಳು. ಒಂದರಲ್ಲಿ ಟರ್ಪೆಂಟೈನ್, ಇನ್ನೊಂದರಲ್ಲಿ ಅಗಸೆ ಎಣ್ಣೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹುರಿಯುವ ಅದೇ ಅಗಸೆ. ಕಪ್ಪು ಬಣ್ಣದ ಟ್ಯೂಬ್ ಅವರ ಬಳಿ ಇರುತ್ತಲೇ ಇರಲಿಲ್ಲ. ಗಾಢ ನೀಲಿ ಅಲ್ಟ್ರಾಮರೀನ್‌ಗೆ ಸುಟ್ಟ ಮಣ್ಣಿನ ಬಣ್ಣ ಬೆರೆಸಿ ತಮಗೆ ಬೇಕಾದ ಕತ್ತಲೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ‘ನೆರಳು ಕಪ್ಪಲ್ಲ ತಮ್ಮಾ, ಸರಿಯಾಗಿ ನೋಡು’ ಎಂದು ನನ್ನನ್ನು ಹೊರಗೆ ಕರೆದೊಯ್ದು, ಎದುರುಮನೆಯ ಸುಣ್ಣದ ಗೋಡೆಯ ಮೇಲೆ ಬಿದ್ದಿದ್ದ ಸಂಪಿಗೆ ಮರದ ನೆರಳು ತೋರಿಸಿದರು. ಅದು ನೀಲಿಯಾಗಿತ್ತು. ಅದಕ್ಕೆ ಮುಂಚೆ ಎಷ್ಟು ನೆರಳು ನೋಡಿದ್ದೆನೋ, ಅದರ ಬಣ್ಣ ನೋಡಿದ್ದು ಅವತ್ತೇ.

ಹೆಬ್ಬಾಳದ ಕೆರೆ ಅವರಿಗೆ ಇಷ್ಟ. ಆಗಿನ್ನೂ ಅಲ್ಲಿ ಮೇಲ್ಸೇತುವೆ ಬಂದಿರಲಿಲ್ಲ. ಅದು ಬಂದದ್ದು 2003ರಲ್ಲಿ. ಬೆಳಿಗ್ಗೆ ಬಳ್ಳಾರಿ ರಸ್ತೆಯ ಬಸ್ಸು ಹಿಡಿದು ಕೆರೆ ಏರಿಯ ಬಳಿ ಇಳಿದು ಇಬ್ಬರೂ ಕೂರುತ್ತಿದ್ದೆವು. ನನಗೆ ಅವರು ಹೇಳಿದ ದೊಡ್ಡ ಪಾಠ ಅಲ್ಲಿಯದು. ಮನೆಯ ಚಿತ್ರ ಯಾಕೆ ಅಷ್ಟು ಮಸುಕು, ಯಾಕೆ ಒಂದು ಗೆರೆಯೂ ನೆಟ್ಟಗಿಲ್ಲ ಎಂದು ಕೇಳಿದ್ದೆ. ಅವರು ಕೆರೆಯಾಚೆಯ ಮರಗಳನ್ನು ತೋರಿಸಿದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಹಗುರ, ಒಣ. ದೂರದ ಮರದ ಅಂಚೂ ಕತ್ತರಿಸಿ ಇಟ್ಟಷ್ಟು ಖಚಿತ. ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ, ಉಪ್ಪಿನ ಕಣ. ಬೆಳಕು ಅದರ ಮೂಲಕ ಹಾಯುವಾಗ ಚೆದರುತ್ತದೆ. ಹತ್ತಿರದ ದೋಣಿಯ ಅಂಚು ಮೆತ್ತಗಾಗುತ್ತದೆ, ದೂರದ ಹಸಿರು ಗುಡ್ಡ ನೀಲಿಯಾಗುತ್ತದೆ. ‘ನಾನು ಮಸುಕು ಮಾಡಿದ್ದಲ್ಲ ಮಾರಾಯ, ಅಲ್ಲಿ ಇದ್ದದ್ದೇ ಹಾಗೆ’ ಎಂದರು. ಡಿಸೆಂಬರಿನ ಒಂದು ಬೆಳಿಗ್ಗೆ ಹೆಬ್ಬಾಳದಿಂದ ಯಲಹಂಕದವರೆಗೆ ಮಂಜು ಕವಿದಿತ್ತು. ಕೆರೆಯಾಚೆ ಏನೂ ಕಾಣುತ್ತಿರಲಿಲ್ಲ. ಮಾವ ಖುಷಿಯಾಗಿ ಟ್ಯೂಬುಗಳ ಮುಚ್ಚಳ ಬಿಚ್ಚತೊಡಗಿದರು. ‘ಇವತ್ತು ನಿಮ್ಮೂರಿಗೂ ಸ್ವಲ್ಪ ಕರಾವಳಿ ಬಂದದೆ’ ಅಂದರು.

ಆ ಶೈಲಿಗೊಂದು ಹೆಸರಿದೆಯೆಂದೂ ಅದಕ್ಕೆ ಆ ಹೆಸರು ಬಂದದ್ದು ಕಡಲತೀರದ ಊರೊಂದರ ಚಿತ್ರದಿಂದಲೇ ಎಂದೂ ತಿಳಿದದ್ದು ಕಾಲೇಜಿನಲ್ಲಿ. 1872ರಲ್ಲಿ ಕ್ಲಾಡ್ ಮೊನೆ ಫ್ರಾನ್ಸಿನ ಲೆ ಹಾವ್ರ್ ಬಂದರಿನ ಒಂದು ಬೆಳಗನ್ನು ಹೋಟೆಲಿನ ಕಿಟಕಿಯಿಂದ ನೋಡಿ ಬರೆದ. ಮಂಜು, ಹೊಗೆ, ಎರಡು ಮೂರು ದೋಣಿ, ಕಿತ್ತಳೆ ಬಣ್ಣದ ಸೂರ್ಯ, ನೀರಿನಲ್ಲಿ ಅದರ ಕೆಲವೇ ಗೀಟು. 1874ರಲ್ಲಿ ಪ್ಯಾರಿಸ್‌ನ ಪ್ರದರ್ಶನದಲ್ಲಿ ‘ಇಂಪ್ರೆಷನ್, ಸನ್‌ರೈಸ್’ ಎಂಬ ಹೆಸರಿನಿಂದ ಅದನ್ನು ತೂಗುಹಾಕಿದಾಗ, ಲೂಯಿ ಲೆರುವಾ ಎಂಬ ವಿಮರ್ಶಕ ಆ ಹೆಸರನ್ನೇ ಹಿಡಿದು ಇಡೀ ಗುಂಪನ್ನು ಗೇಲಿ ಮಾಡಿದ. ‘ಇಂಪ್ರೆಷನಿಸ್ಟರು’ ಎಂಬ ಆ ಗೇಲಿಯ ಹೆಸರೇ ಪಂಥದ ಹೆಸರಾಗಿ ನಿಂತಿತು. ಆ ಚಿತ್ರದ ಅಳತೆ 48 ಸೆಂಟಿಮೀಟರಿಗೆ 63. ಅಂದರೆ ನಮ್ಮ ಮನೆಯ ಚಿತ್ರದಷ್ಟೇ. ಇದನ್ನು ಓದಿದ ದಿನ ಮನೆಗೆ ಬಂದು ಸ್ಕೇಲ್ ಹಿಡಿದು ಅಳೆದಿದ್ದೆ.

ಅಳತೆ ಚಿಕ್ಕದಾಗಿದ್ದಕ್ಕೂ ಕಾರಣವಿದೆ. ಹೊರಗೆ ಹೋಗಿ, ಎದುರಿಗೇ ನೋಡುತ್ತ ಬರೆಯುವವನಿಗೆ ಹೊತ್ತೊಯ್ಯಲು ಆಗುವಂಥ ಕ್ಯಾನ್ವಾಸ್ ಬೇಕು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಬಣ್ಣದ ಟ್ಯೂಬನ್ನು ಕಂಡುಹಿಡಿಯುವವರೆಗೆ ತೈಲವರ್ಣವನ್ನು ಕೋಣೆಯಲ್ಲೇ ಅರೆದು ಕಲೆಸಿ, ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡಬೇಕಿತ್ತು. ಟ್ಯೂಬು ಬಂದ ಮೇಲೆ ಬಣ್ಣ ಚೀಲದೊಳಗೆ ಹೊರಟಿತು, ಚಿತ್ರಕಾರ ಕಡಲತೀರಕ್ಕೆ ಹೊರಟ. ಆದರೆ ಬೆಳಕು ಯಾರಿಗೂ ಕಾಯುವುದಿಲ್ಲ. ಅರ್ಧ ಗಂಟೆಯಲ್ಲಿ ನೆರಳು ಜಾರುತ್ತದೆ, ನೀರಿನ ಬಣ್ಣ ಬದಲಾಗುತ್ತದೆ. ಅದಕ್ಕೇ ಆ ಅವಸರದ ಗೀಟುಗಳು. ಕಿಟಕಿಯ ಸರಳು ಎಣಿಸುತ್ತ ಕೂತರೆ ಕಿಟಕಿ ಸಿಗುತ್ತದೆ, ಆ ಹೊತ್ತು ತಪ್ಪುತ್ತದೆ. ಇಂಪ್ರೆಷನಿಸ್ಟರು ಹೊತ್ತನ್ನು ಆರಿಸಿಕೊಂಡರು. ಮಾವನೂ ಅದನ್ನೇ ಮಾಡಿದ್ದರು. ಅವರ ಚಿತ್ರವನ್ನು ಅಸ್ಪಷ್ಟ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಊರಿನ ಒಂದು ಬೆಳಗಿನ ಬಗ್ಗೆ ಇದಕ್ಕಿಂತ ನಿಖರವಾದ ದಾಖಲೆ ಬೇರೆ ಇಲ್ಲ.

ಅಪ್ಪ ಯಲಹಂಕ ಉಪನಗರದಲ್ಲಿ ಹೌಸಿಂಗ್ ಬೋರ್ಡಿನ ಮನೆ ಕೊಂಡಾಗ ಚಿತ್ರವೂ ನಮ್ಮೊಂದಿಗೆ ಬಂತು. ಕೆಲವೇ ವರ್ಷಕ್ಕೆ ಮಾವ ತೀರಿಕೊಂಡರು. ಊರಿಂದ ಮರಳಿದ ಮಾರನೆಯ ದಿನ ಅಮ್ಮ ತಾನೇ ಸ್ಟೂಲ್ ಹತ್ತಿ ಚಿತ್ರ ಇಳಿಸಿದಳು. ‘ನೋಡೋಕಾಗ್ತಿಲ್ಲ’ ಎಂದಳು ಅಷ್ಟೆ. ಹಳೆಯ ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಅಟ್ಟಕ್ಕೆ ಸೇರಿಸಿದೆವು. ಆಮೇಲೆ ನನ್ನ ಮದುವೆ, ಮಕ್ಕಳು, ಅಪ್ಪನ ಕಾಯಿಲೆ. ಬದುಕು ತನ್ನ ಪಾಡಿಗೆ ನಡೆಯಿತು.

ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಇಳಿದು ಬಂದದ್ದು ಬೇರೆಯದೇ ಚಿತ್ರ. ಆಕಾಶಕ್ಕೆ ಅರಿಶಿನ ಬಳಿದ ಹಾಗಿತ್ತು. ಕಡಲು ಪಾಚಿ ಹಸಿರಿಗೆ ತಿರುಗಿತ್ತು. ಒಂದು ಮೂಲೆಯಲ್ಲಿ ಬೂಷ್ಟು ಹಿಡಿದಿತ್ತು. ಅಮ್ಮ ಅದನ್ನು ನೋಡಿ ಸೆರಗಿನಿಂದ ಒರೆಸಲು ಹೋದಳು. ನಾನು ತಡೆದು, ಹಳೆಯ ಕಲಾಕೃತಿಗಳ ಸಂರಕ್ಷಣೆ ಬಲ್ಲವರೊಬ್ಬರಲ್ಲಿಗೆ ಒಯ್ದೆ. ಅವರು ಚಿತ್ರವನ್ನು ಕಿಟಕಿಯ ಪಕ್ಕಕ್ಕೆ ಹಿಡಿದು, ಓರೆಯಾಗಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದು. ಕತ್ತಲಲ್ಲಿ ಇಟ್ಟರೆ ಅದು ಹಳದಿಗಟ್ಟುತ್ತದೆ ಎಂದು ವಿವರಿಸಿದರು. ‘ಏನೂ ಮಾಡಬೇಡಿ. ಬೂಷ್ಟು ನಾನು ತೆಗೆದುಕೊಡ್ತೀನಿ. ಬೆಳಕು ಬರುವ ಕಡೆ ಇಡಿ, ನೇರ ಬಿಸಿಲು ಮಾತ್ರ ಬೇಡ’ ಎಂದರು. ಉತ್ತರದ ಕಿಟಕಿ ಇರುವ ಕೋಣೆಯಲ್ಲಿ ಚಿತ್ರ ಇಟ್ಟೆವು. ತಿಂಗಳುಗಳು ಕಳೆದಂತೆ ಅರಿಶಿನ ಕರಗತೊಡಗಿತು. ಪೂರ್ತಿ ಅಲ್ಲ, ಆದರೆ ಆಕಾಶ ಮತ್ತೆ ಆಕಾಶವಾಯಿತು, ನೆರಳಿನ ನೀಲಿ ಮರಳಿತು. ಬರೀ ಬೆಳಕು ಮಾಡಿದ ಕೆಲಸ ಅದು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಮ್ಮ ಅದರ ಮುಂದೆ ಕೂರುವುದು ರೂಢಿಯಾಯಿತು. ಒಂದು ದಿನ ಅವಳೇ ಕೇಳಿದಳು: ‘ಅಣ್ಣ ಇದನ್ನ ಎಲ್ಲಿ ಕೂತು ಬರೆದಿದ್ದು? ನೋಡ್ಕೊಂಡು ಬಾ.’

ಚಿತ್ರದ ಫೋಟೋ ಮೊಬೈಲ್‌ನಲ್ಲಿ ಹಿಡಿದು ಯಶವಂತಪುರದಲ್ಲಿ ಕಾರವಾರದ ಹಗಲು ರೈಲು ಹತ್ತಿದೆ. ಕಾರವಾರವೇ ಯಾಕೆಂದರೆ, ಅಷ್ಟರಲ್ಲಿ ಚಿತ್ರವೇ ಒಂದಿಷ್ಟು ಹೇಳಿತ್ತು. ನಮ್ಮ ಕರಾವಳಿಯಲ್ಲಿ ಕಡಲು ಪಶ್ಚಿಮಕ್ಕಿದೆ. ಚಿತ್ರದಲ್ಲಿ ಕಡಲು ಎಡಕ್ಕಿದೆ. ಅಂದರೆ ಬರೆದವರು ಉತ್ತರಕ್ಕೆ ಮುಖ ಮಾಡಿದ್ದಾರೆ. ಬೆಳಕು ಬಲಗಡೆಯಿಂದ, ಘಟ್ಟದ ಕಡೆಯಿಂದ ಬರುತ್ತಿದೆ. ಅಂದರೆ ಬೆಳಗಿನ ಹೊತ್ತು. ಊರಿನ ಉತ್ತರಕ್ಕೆ ದೊಡ್ಡ ನದಿಯ ಬಾಯಿ, ನದಿಯಾಚೆ ದಡದಲ್ಲೇ ಎದ್ದು ನಿಂತ ಗುಡ್ಡ. ಕಾಳಿ ನದಿ ಮತ್ತು ಸದಾಶಿವಗಡ ಎಂದು ನನ್ನ ಲೆಕ್ಕ.

ಸಕಲೇಶಪುರ ದಾಟಿದ ಮೇಲೆ ಸುರಂಗದಿಂದ ಸುರಂಗಕ್ಕೆ ಇಳಿಯುವ ರೈಲು, ಮಂಗಳೂರಿನಾಚೆ ಕೊಂಕಣ ರೈಲ್ವೆಯ ಹಳಿ ಹಿಡಿದು, ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆ ದಾಟುವಾಗ ದೊಡ್ಡಮ್ಮನ ನೆನಪಾಗಿ ಕಿಟಕಿಗೆ ಮುಖ ಒತ್ತಿ ನೋಡಿದೆ. ಅಲ್ಲಿಯದು ಬೇರೆಯದೇ ನೋಟ, ಚಿತ್ರದ್ದಲ್ಲ. ಮರುದಿನ ಬೆಳಿಗ್ಗೆ ಕಾರವಾರದ ಕಡಲತೀರದ ದಕ್ಷಿಣ ತುದಿ, ಬೈತಖೋಲದ ಕಡೆ ನಿಂತು ಉತ್ತರಕ್ಕೆ ತಿರುಗಿದೆ. ಎಡಕ್ಕೆ ಕಡಲು, ದ್ವೀಪಗಳು. ಬಲಕ್ಕೆ ಊರು. ಬಿಲ್ಲಿನ ಹಾಗೆ ಬಾಗಿದ ಮರಳು. ದೂರದಲ್ಲಿ, ಗಾಳಿಯ ಪಸೆಯಲ್ಲಿ ನೀಲಿಗಟ್ಟಿ, ಸದಾಶಿವಗಡ. ಫೋಟೋವನ್ನು ಎದುರಿಗೆ ಹಿಡಿದೆ. ಗುಡ್ಡದ ಇಳಿಜಾರು ಕೂದಲೆಳೆಯಷ್ಟೂ ತಪ್ಪದೆ ಕೂಡಿತು.

ಕೂಡದೆ ಹೋದದ್ದೂ ಬಹಳ. ಹಂಚಿನ ಮಾಡಿನ ಜಾಗದಲ್ಲಿ ತಾರಸಿ ಮನೆಗಳು. ಕಡಲಿಗೂ ಊರಿಗೂ ನಡುವೆ ನಾಲ್ಕು ಪಥದ ಹೆದ್ದಾರಿ. ನದಿಯ ಬಾಯಲ್ಲಿ ಸೇತುವೆಗಳು. ಮಾವನ ಚಿತ್ರದ ನದಿಗೆ ಸೇತುವೆಯೇ ಇಲ್ಲ. ಅದು ಕೋಡಿಬಾಗದಿಂದ ಸದಾಶಿವಗಡಕ್ಕೆ ಜನ ನೀರಿನ ಮೇಲೇ ದಾಟುತ್ತಿದ್ದ ಕಾಲದ್ದು. ಇನ್ನೊಂದು ಗುರುತು ಬಲೆ ಎಳೆಯುವ ಆ ಜನ. ತೀರದಲ್ಲಿ ಬಲೆ ಹಿಡಿದಿದ್ದ ವಯಸ್ಸಾದ ಮೀನುಗಾರರೊಬ್ಬರಿಗೆ ಫೋಟೋ ತೋರಿಸಿದೆ. ಮೊಬೈಲನ್ನು ಕೈಯಲ್ಲಿ ತೆಗೆದುಕೊಂಡು, ತೋಳುದ್ದ ದೂರಕ್ಕೆ ಹಿಡಿದು ನೋಡಿ, ‘ರಾಂಪಣಿ ಇದು’ ಎಂದರು. ಬಂಗಡೆಯ ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರಾಕಾರಕ್ಕೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಊರಿನ ಜನವೆಲ್ಲ ಸೇರಿ ಎಳೆಯುತ್ತಿದ್ದ ದೊಡ್ಡ ಬಲೆ. ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿಯತೊಡಗಿದ ಮೇಲೆ ರಾಂಪಣಿ ಸೋತಿತು. ಹಾಗಾಗಿ ಚಿತ್ರ ಅದಕ್ಕೆ ಹಿಂದಿನದು ಎಂದು ಧೈರ್ಯವಾಗಿ ಹೇಳಬಹುದು. ಮಾವ ಬರೆದಿಡದ ತಾರೀಖನ್ನು ಅವರ ನೇರಳೆ ಗೀಟುಗಳೇ ಹೇಳಿದವು.

ಕಾರವಾರದ ಆ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ರವೀಂದ್ರರು ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಅರವತ್ತು ದಾಟಿದ ಮೇಲೆ ಅವರೂ ಕುಂಚ ಹಿಡಿದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಅದೇ ಟಾಗೋರರ ಹೆಸರಿನ ಬೆಂಗಳೂರಿನ ಬಡಾವಣೆಯೇ ನಮ್ಮ ಆರ್.ಟಿ. ನಗರ. ಅವರು ಕಂಡ ಕಡಲತೀರ ಅವರ ಹೆಸರಿನ ಬಡಾವಣೆಯ ಒಂದು ಗೋಡೆಯ ಮೇಲೆ ಅಷ್ಟು ವರ್ಷ ಇತ್ತು ಎನ್ನುವುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ನೀರಿನಿಂದ ಎತ್ತಿ ಉಳಿಸಿದರು. ಟಿ.ವಿ.ಯಲ್ಲಿ ಮುರಿದ ಕಮಾನುಗಳನ್ನು ನೋಡುತ್ತ ಅಮ್ಮ ಗೋಡೆಯ ಕಡೆ ತಿರುಗಿದಳು. ನಾಲ್ಕು ದಶಕ ನಿಂತ ಸೇತುವೆ ಬರುವ ಮುಂಚಿನ ನದಿ ಅಲ್ಲಿತ್ತು. ಸೇತುವೆ ಬಂತು, ಹೋಯಿತು. ಎರಡಡಿ ಬಟ್ಟೆಯ ಮೇಲಿನ ಆ ಬೆಳಗು ಉಳಿದಿದೆ.

ಹೀಗೆ ಉಳಿಸಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಯಲಹಂಕದಿಂದ ಉತ್ತರಕ್ಕೆ ಹೋದರೆ ಸಿಗುವ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ಪತ್ರಿಕೋದ್ಯಮ, ರಾಜಕೀಯ ಎಲ್ಲವನ್ನೂ ಹಾದು ಕೊನೆಗೆ ಕುಂಚಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. ಬೆಂಗಳೂರಿನ ಹೂಬಿಟ್ಟ ಮರಗಳ ಕೆಳಗೆ ನಿಂತು ಅವರು ಬರೆದ ಚಿತ್ರಗಳನ್ನು ರಾಜಾಜಿನಗರದಲ್ಲಿ ನೋಡಿದಾಗ, ಅದೇ ದಪ್ಪ ಗೀಟು, ಅದೇ ಅವಸರ, ಅದೇ ಬಣ್ಣದ ನೆರಳು ಕಂಡು ಮಾವನ ಕೈ ಹಿಡಿದಷ್ಟು ಖುಷಿಯಾಯಿತು. ಕಡಿದು ಹೋದ ಎಷ್ಟೋ ಮರಗಳ ಹೂವು ಆ ಕ್ಯಾನ್ವಾಸ್‌ಗಳಲ್ಲಿ ಇನ್ನೂ ಅರಳಿದೆ. ರುಮಾಲೆಯವರನ್ನು, ಹೆಬ್ಬಾರರನ್ನು ನಾಡು ಗುರುತಿಸಿತು. ಅವರ ಕೃತಿಗಳನ್ನು ಕಾಪಾಡುವವರಿದ್ದಾರೆ. ನನ್ನ ಚಿಂತೆ ಹೆಸರಿಲ್ಲದ ಡ್ರಾಯಿಂಗ್ ಮಾಸ್ತರರದ್ದು. ಕಾರವಾರದಿಂದ ಮಂಗಳೂರಿನವರೆಗೆ, ಬೀದರಿನಿಂದ ಚಾಮರಾಜನಗರದವರೆಗೆ, ಶಾಲೆ ಮುಗಿದ ಮೇಲೆ ಕೆರೆ ದಂಡೆಯಲ್ಲೋ ಸಂತೆ ಮೈದಾನದಲ್ಲೋ ಕೂತು ತಮ್ಮ ಊರಿನ ಬೆಳಕನ್ನು ಬರೆದಿಟ್ಟವರು ಅವರು. ಮನೆ ಖಾಲಿ ಮಾಡುವಾಗ ಮೊದಲು ಗುಜರಿಗೆ ಹೋಗುವುದು ಅವರ ಚಿತ್ರಗಳೇ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ದಯವಿಟ್ಟು ಅಟ್ಟದಿಂದ ಇಳಿಸಿ. ಪ್ಲಾಸ್ಟಿಕ್ ಬಿಚ್ಚಿ. ತೈಲಚಿತ್ರವಾದರೆ ಗಾಜನ್ನು ಬಣ್ಣಕ್ಕೆ ತಾಗಿಸಿ ಕೂರಿಸಬೇಡಿ, ಒದ್ದೆ ಗೋಡೆಗೆ ಒರಗಿಸಬೇಡಿ, ನೀರು ಹಾಕಿ ಒರೆಸಬೇಡಿ. ಬಿಸಿಲು ನೇರ ಬೀಳದ, ಆದರೆ ಬೆಳಕು ಧಾರಾಳವಾಗಿ ಬರುವ ಗೋಡೆಯಲ್ಲಿ ತೂಗುಹಾಕಿ. ಮನೆಯ ಹಿರಿಯರು ಇನ್ನೂ ಇದ್ದರೆ ಇವತ್ತೇ ಕೇಳಿ: ಬರೆದವರು ಯಾರು, ಯಾವ ಊರು, ಯಾವ ವರ್ಷ. ಆಮೇಲೆ ಚಿತ್ರವನ್ನು ತಿರುಗಿಸಿ, ಬಟ್ಟೆಯ ಮೇಲೆ ಒತ್ತದೆ, ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲ್‌ನಿಂದ ಆ ಮೂರನ್ನೂ ಬರೆದಿಡಿ.